ಏಣಿಯ ಮೂರನೇ ಮೆಟ್ಟಿಲು

ಬೆಳಕಿನ ಒಂದು ಚುಕ್ಕೆ ತಗಡಿನ ಗೋಡೆಯ ಕಿಂಡಿಯಿಂದ ಒಳಗೆ ಬಿದ್ದು ಅವನ ಮೊಣಕಾಲ ಮೇಲೆ ಕೂತಿದೆ, ಈ ಹೊತ್ತಿಗೆ ಅದು ಅಣ್ಣನ ಮೊಣಕಾಲ ಮೇಲೆ ಕೂರುತ್ತಿತ್ತು — ಇದು ಅಣ್ಣನ ಜಾಗ, ಸ್ಕೋರ್‌ಬೋರ್ಡಿನ ಹಿಂದಿನ ಅಟ್ಟ, ಕಿಂಡಿಗೆ ಕಣ್ಣು ಕೊಟ್ಟು ಕೂರುವ ಹಲಗೆ, ತಮ್ಮನಾದ ಅವನ ಜಾಗ ಕೆಳಗೆ, ಏಣಿಯ ಬುಡದಲ್ಲಿ, ಸೊನ್ನೆಯಿಂದ ಒಂಬತ್ತರವರೆಗಿನ ತಗಡಿನ ಅಂಕಿಗಳ ನಡುವೆ, ಇಪ್ಪತ್ತಾರು ವರ್ಷ ಹೀಗೇ, ಅಣ್ಣ ನೋಡುವವನು, ಅವನು ತೂಗುಹಾಕುವವನು, ಇವತ್ತು ಫೈನಲ್, ಎಂಟು ದೇಶದವರು ಬಂದು ಆರು ದೇಶದವರು ಗಂಟುಮೂಟೆ ಕಟ್ಟಿದ್ದಾಯಿತು, ಉಳಿದ ಎರಡರಲ್ಲಿ ಒಂದು ನಮ್ಮದು, ಹೊರಗೆ ನಲವತ್ತು ಸಾವಿರ ಜನ, ಒಳಗೆ ಅವನೊಬ್ಬ, ನೋಡುವವನೂ ಅವನೇ, ತೂಗುಹಾಕುವವನೂ ಅವನೇ, ಓವರಿಗೊಮ್ಮೆ ಇಳಿ, ಓವರಿಗೊಮ್ಮೆ ಹತ್ತು, ಒಬ್ಬರಿಗೇ ಆಗತ್ತಾ, ಆಗದಿದ್ರೆ ಬಿಡಿ, ಆ ಕಡೆ ದೊಡ್ಡ ಸ್ಕ್ರೀನ್ ಇದೆ ಹೇಗೂ, ಅಂದಿದ್ದರು ಮೈದಾನದ ಮ್ಯಾನೇಜರ್, ಆಗತ್ತೆ ಸಾರ್ ಅಂದಿದ್ದ, ಅಣ್ಣ ಸತ್ತು ಆಗ ನಾಲ್ಕು ದಿನವಾಗಿತ್ತು.

ಇಷ್ಟು ವರ್ಷ ಕ್ರಿಕೆಟ್ ಅಂದರೆ ಅವನಿಗೆ ಒಂದು ಅಂಕಿ ತೆಗೆದು ಇನ್ನೊಂದು ಹಾಕುವ ನಡುವೆ ಖಾಲಿ ಚೌಕದಲ್ಲಿ ಕಾಣುವ ಒಂದು ತುಂಡು ಹುಲ್ಲು, ಯಾರೋ ಫೀಲ್ಡರನ ಬೆನ್ನು, ಅಷ್ಟೇ, ಮಿಕ್ಕಿದ್ದೆಲ್ಲ ಅಣ್ಣನ ಬಾಯಿಂದ, ಬಂತು ನೋಡೋ, ಮಂಡಿ ಊರಿ ಹೊಡೆದ, ಚೆಂಡು ಚಾವಣಿ ದಾಟಿ ಹೋಯ್ತು, ಎರಡು ಹಕ್ಕಿ ಗಾಬರಿಯಾಗಿ ಎದ್ವು, ಆರು ಹಾಕು — ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಿದ್ದ, ಅವನು ಕೆಳಗೆ ಮೈಯೆಲ್ಲ ಕಿವಿಯಾಗಿ ನಿಂತಿರುತ್ತಿದ್ದ, ತಾನೂ ಒಮ್ಮೆ ನೋಡಬೇಕು ಅಂತ ಅನ್ನಿಸಿದ್ದೇ ಇಲ್ಲ, ಇವತ್ತು ನೋಡುತ್ತಿದ್ದಾನೆ, ಆಟ ಇಷ್ಟು ಸಣ್ಣದಾ, ಆಟಗಾರರು ಹೆಬ್ಬೆರಳುದ್ದ, ಚೆಂಡಂತೂ ಅರ್ಧ ಸಲ ಕಾಣುವುದೇ ಇಲ್ಲ, ಹಕ್ಕಿಗಳು ಎಲ್ಲಿ, ಒಂದೂ ಇಲ್ಲ, ಓವರ್ ಮುಗಿಯಿತು, ಇಳಿ, ಮೂರು ತೆಗೆ, ಒಂಬತ್ತು ಹಾಕು, ಮತ್ತೆ ಏಣಿ ಹತ್ತು, ಮೇಲಿನಿಂದ ಮೂರನೇ ಮೆಟ್ಟಿಲು ಯಾವಾಗಲೋ ಮುರಿದಾಗ ಬಡಗಿ ಅದನ್ನು ಒಂದು ಗೇಣು ಕೆಳಗೆ ಜಡಿದು ಹೋಗಿದ್ದ, ಮೂರನೇದು ಹುಷಾರು ಕಣೋ, ಅಂತ ದಿನಾ ಎಚ್ಚರಿಸುತ್ತಿದ್ದವನು ಅಣ್ಣನೇ.

ಅಣ್ಣನ ಮಾತಿನಲ್ಲಿ ಹಕ್ಕಿಗಳು ಹೆಚ್ಚಾಗಿದ್ದು ಹೋದ ವರ್ಷದಿಂದ, ಮೋಡಗಳೂ, ಗ್ಯಾಲರಿಯಲ್ಲಿ ಕೆಂಪು ಕೊಡೆ ಹಿಡಿದ ಹೆಂಗಸೂ, ವಯಸ್ಸಾಗ್ತಾ ಆಗ್ತಾ ಕವಿ ಆಗ್ತಿದ್ದೀಯಲ್ಲೋ ಅಣ್ಣ, ಅಂತ ನಕ್ಕಿದ್ದ, ಕಿವಿಗೆ ಅಂಟಿಸಿಕೊಂಡ ಪುಟ್ಟ ರೇಡಿಯೋ ಕಂಡು ಇದೇನು ಹೊಸ ಶೋಕಿ ಅಂದಿದ್ದ, ಜೊತೆಗೊಂದು ದನಿ ಇರಲಿ ಅಂತ ಕಣೋ, ಮ್ಯಾಚಿಗೆ ಮುಂಚೆ ಅಣ್ಣ ಅಂಕಿಗಳನ್ನು ಹೆಬ್ಬೆರಳಿನಲ್ಲಿ ಸವರಿ ಸವರಿ ಜೋಡಿಸುತ್ತಿದ್ದ, ಮಗು ಬೆನ್ನು ಸವರೋ ಹಾಗೆ ಸವರ್ತೀಯಲ್ಲ, ಬಣ್ಣ ಹೋಗತ್ತೆ — ಇಷ್ಟೆಲ್ಲ ಅವನ ಕಣ್ಣೆದುರೇ ಇತ್ತು, ಕಣ್ಣಿದ್ದವನು ತಾನಲ್ಲವೇ, ಅಣ್ಣ ಹೋದ ಐದನೇ ದಿನ ಅತ್ತಿಗೆ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದುಕೊಟ್ಟರು, ಕಣ್ಣಿನ ಡಾಕ್ಟರದ್ದು, ಎರಡೂ ಕಣ್ಣು, ಇನ್ನು ಏನೂ ಮಾಡುವ ಹಾಗಿಲ್ಲ ಅಂತ, ಹೋದ ವರ್ಷದ ತಾರೀಕು, ನಿಮಗೆ ಗೊತ್ತಿತ್ತಾ ಅತ್ತಿಗೆ, ಗೊತ್ತಿತ್ತು, ನನ್ನ ಮುಖಾನೂ ನೆರಳಿನ ಹಾಗೆ ಕಾಣ್ತಿತ್ತಂತೆ ಅವರಿಗೆ, ಹೊರಗೆ ಗೊತ್ತಾದ್ರೆ ಬೋರ್ಡ್ ಮುಚ್ತಾರೆ, ತಮ್ಮನಿಗೆ ಬೇರೆ ಕೆಲಸ ಬರಲ್ಲ, ಈ ಟೂರ್ನಿ ಒಂದು ಮುಗೀಲಿ, ಅಂತಿದ್ರು, ನಿಂಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ, ದಿನವೆಲ್ಲ ಜೊತೆಗಿರ್ತಿದ್ದೆಯಲ್ಲ — ಆ ಮಾತಿನಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು, ಅವನು ಚೀಟಿ ಮಡಿಸಿ ಅವರ ಕೈಗೇ ಕೊಟ್ಟು ಎದ್ದು ಬಂದ.

ಟೂರ್ನಿಯ ಮೊದಲ ಮ್ಯಾಚು, ಇದೇ ಮೈದಾನ, ರೇಡಿಯೋದ ಬ್ಯಾಟರಿ ಮುಗಿದಿರಬೇಕು, ಅಣ್ಣ ಅದನ್ನು ಅಂಗೈಗೆ ಬಡಿಯುತ್ತಿದ್ದ ಸದ್ದು ಈಗ ಕೇಳಿಸುತ್ತಿದೆ, ಆವತ್ತೂ ಕೇಳಿಸಿತ್ತು, ಕಿವಿ ಮೇಲೆ ಹಾಕಿಕೊಳ್ಳಲಿಲ್ಲ, ಗ್ಯಾಲರಿಯ ಗದ್ದಲ ಕೇಳಿ ಅಣ್ಣ ಆರು ಹಾಕು ಅಂದ, ಅದು ನಾಲ್ಕಾಗಿತ್ತು, ಬೋರ್ಡಿನಲ್ಲಿ ನೂರ ಎಂಬತ್ತಾರು, ಜನ ಹೋ ಅಂತ ಕೂಗಿದರು, ಅಂಪೈರು ಆಟ ನಿಲ್ಲಿಸಿ ಇತ್ತ ಕೈ ತೋರಿಸಿದನಂತೆ, ಮ್ಯಾನೇಜರ್ ಬಾಗಿಲು ದಬದಬ ಬಡಿದರು, ಇಪ್ಪತ್ತಾರು ವರ್ಷದಲ್ಲಿ ಒಂದು ತಪ್ಪು, ಒಂದೇ ಒಂದು, ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು, ನಾಚಿಕೆಯಲ್ಲಿ ಅವನು ಅಣ್ಣನಿಗೆ ಬಾಯಿಗೆ ಬಂದದ್ದು ಅಂದ, ಕಣ್ಣೇನು ಮನೇಲಿಟ್ಟು ಬಂದಿದ್ದೀಯಾ, ಇಳಿ ಕೆಳಗೆ, ನಾನೇ ನೋಡ್ತೀನಿ, ಸಿಟ್ಟು ಮಾಡ್ಕೋಬೇಡ್ವೋ, ಇಳೀತೀನಿ, ಅಂದ ಅಣ್ಣ, ದಿನಾ ಮೆಲ್ಲಗೆ ಎಣಿಸಿಕೊಂಡು ಇಳಿಯುತ್ತಿದ್ದವನು ಆವತ್ತು ಅವಸರದಲ್ಲಿ, ಒಂದು ಮೆಟ್ಟಿಲು, ಎರಡು, ಆಮೇಲೆ ಬಲಗಾಲು ಗಾಳಿಯಲ್ಲಿ, ಹೆಬ್ಬೆರಳು ಅಲ್ಲಿ ಇಲ್ಲಿ ತಡಕುತ್ತಾ, ನಾಟಕ ಸಾಕು, ಬೇಗ ಇಳಿಯೋ, ಅಂದನಲ್ಲ, ಕೈಯಲ್ಲಿ ತಗಡಿನ ನಾಲ್ಕು, ಅದನ್ನು ಕೆಳಗಿಟ್ಟು ಆ ಪಾದ ಹಿಡಿದು ಮೆಟ್ಟಿಲ ಮೇಲಿಡಲು ಎಷ್ಟು ಹೊತ್ತು ಬೇಕಿತ್ತು, ಇಡಲಿಲ್ಲ, ನೋಡುತ್ತಾ ನಿಂತಿದ್ದ, ಅಂಕಿ ತೂಗುವ ಕಬ್ಬಿಣದ ಚೌಕಟ್ಟಿಗೆ ತಲೆ ಬಡಿಯಿತು, ಆಸ್ಪತ್ರೆಯಲ್ಲಿ ಎರಡು ದಿನ, ಮಾತಿಲ್ಲ, ಸ್ಟ್ರೆಚರ್ ಬಂದಾಗಲೂ ಆ ನಾಲ್ಕು ಅವನ ಕೈಯಲ್ಲೇ ಇತ್ತು, ಯಾರೋ ಬಿಡಿಸಿಕೊಂಡರು.

ಕೊನೆಯ ಓವರು, ನಮ್ಮವರಿಗೆ ಏಳು ಬೇಕು, ನಲವತ್ತು ಸಾವಿರ ಜನ ಉಸಿರು ಬಿಗಿಹಿಡಿದಿದ್ದಾರೆ, ಅವನ ಕಣ್ಣು ಕಿಂಡಿಯಲ್ಲಿ, ಬಾಯಿ ತಾನಾಗಿಯೇ ಕೆಳಗಿನ ಖಾಲಿ ಜಾಗಕ್ಕೆ ಹೇಳುತ್ತಿದೆ, ಒಂದು ರನ್ ಅಣ್ಣ, ಇದರಲ್ಲಿ ಏನಿಲ್ಲ, ಎರಡು ಓಡಿದ್ರು, ಬಂತು ನೋಡಣ್ಣ, ಮಂಡಿ ಊರಿ ಹೊಡೆದ, ಎತ್ತರ, ಎತ್ತರ, ಹಕ್ಕಿ ಎದ್ವು ಅಣ್ಣ — ಹಕ್ಕಿ ಇಲ್ಲ, ಆದರೂ ಎದ್ದವು, ಆರು, ಗೆದ್ದರು, ತಗಡಿನ ಗೋಡೆಯೆಲ್ಲ ನಡುಗುತ್ತಿದೆ, ಬೋರ್ಡಿನ ಮೇಲೆ ಇನ್ನೂ ಹಿಂದಿನ ಓವರಿನ ಲೆಕ್ಕವೇ ಇದೆ, ಇಳಿಯಬೇಕು, ಹಾಕಬೇಕು, ಒಂದು ಮೆಟ್ಟಿಲು, ಎರಡು, ಕಣ್ಣು ತುಂಬಿ ಏನೂ ಕಾಣುತ್ತಿಲ್ಲ, ಒರೆಸಿಕೊಳ್ಳೋಣ ಅಂದರೆ ಎರಡೂ ಕೈ ಏಣಿಯಲ್ಲಿ, ಮೂರನೇದು ಹುಷಾರು ಕಣೋ, ಬಲಗಾಲು ಗಾಳಿಯಲ್ಲಿ, ಎಷ್ಟು ಕೆಳಗಿದೆ ಇದು, ಕಾಣದವನಿಗೆ ಎಷ್ಟು ಕೆಳಗಿದೆ, ಬುಡದಲ್ಲಿ ಆವತ್ತಿನ ಅವನು ನಿಂತಿದ್ದಾನೆ, ಕೈಯಲ್ಲಿ ತಗಡಿನ ನಾಲ್ಕು, ಇಡೋ ಅದನ್ನ, ಕೆಳಗಿಡು, ಪಾದ ಹಿಡಿ, ಅವನು ಇಡುವುದಿಲ್ಲ, ನೋಡುತ್ತಾನೆ, ಕಾಲು ಗಾಳಿಯಲ್ಲಿ, ಹೆಬ್ಬೆರಳು ಅಲ್ಲಿ, ಇಲ್ಲಿ, ಅಲ್ಲಿ —