ಸುಮ್ಮನೆ ಬಿಡಬೇಕಾದ ಜಾಗ

ಏನೂ ಮಾಡಬೇಡಿ ಎಂದು ಜನರನ್ನು ಒಪ್ಪಿಸುವುದು ಇಷ್ಟು ಕಷ್ಟವೆಂದು ಗೊತ್ತಿದ್ದರೆ ಚಂದ್ರಯ್ಯ ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿಯಾಗುತ್ತಲೇ ಇರಲಿಲ್ಲ.

ಸಕಲೇಶಪುರದಿಂದ ಹೆಗ್ಗದ್ದೆಯ ಕಡೆ ಹೋಗುವ ರಸ್ತೆಯಲ್ಲಿ ದೇವೇಂದ್ರ ತನ್ನ ಕಾಫಿ ತೋಟ ತೆಗೆಸಿ ನಲವತ್ತು ಸೈಟು ಮಾಡಿ ಮಾರಿದ್ದ. ಇಳಿಜಾರಿನ ಒಂದು ಮೂಲೆಯನ್ನು ಮಾತ್ರ, ಮೂವತ್ತೊಂದು ಮರ ಮತ್ತು ಕೆಳಗಿನ ಒರತೆಯ ಸಮೇತ, ಇದ್ದ ಹಾಗೇ ಬಿಡಬೇಕೆಂದು ನಕ್ಷೆಯಲ್ಲಿತ್ತು. ಬಿಟ್ಟಿದ್ದ, ನಿಜ. ಆದರೆ ಪುರಸಭೆಗೆ ಬರೆದುಕೊಟ್ಟಿರಲಿಲ್ಲ. ಈಗ, ಎರಡು ಸಾವಿರದ ಮೂರರ ಜೂನ್‌ನಲ್ಲಿ, ಅಲ್ಲೂ ಆರು ಸೈಟು ಮಾಡಲು ಅರ್ಜಿ ಹಾಕಿದ್ದ. ಗುರುವಾರ ಪುರಸಭೆಯ ಎಂಜಿನಿಯರು ಬಂದು ನೋಡುವವರಿದ್ದರು. ಜಾಗ ನಕ್ಷೆಯಲ್ಲಿದ್ದಂತೆಯೇ ಇದ್ದರೆ ಊರಿಗೆ ಉಳಿಯುತ್ತದೆ. ಬೆಳೆ, ಗುಡಿಸಲು, ಬೇಲಿ, ಏನು ಕಂಡರೂ ಅದು ಖಾಲಿ ಬಿಟ್ಟ ಜಾಗವೇ ಅಲ್ಲ ಎಂಬ ದೇವೇಂದ್ರನ ಮಾತಿಗೆ ಬಲ ಬರುತ್ತದೆ.

ಚಂದ್ರಯ್ಯ ಮನೆಮನೆಗೂ ಹೋಗಿ ಹೇಳಿದ. ಆ ಕಡೆ ಯಾರೂ ಹೋಗಬೇಡಿ, ಏನೂ ಮಾಡಬೇಡಿ. ಎಲ್ಲರೂ ಕಾಫಿ ಕೊಟ್ಟರು, ತಲೆಯಾಡಿಸಿದರು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ಅವನಿಗೆ ಅನುಮಾನ ಬರಬೇಕಿತ್ತು.

ಬುಧವಾರ ಬೆಳಿಗ್ಗೆ, ಮಳೆ ಒಂದಿಷ್ಟು ಬಿಡುವು ಕೊಟ್ಟಾಗ, ಕೊಡೆ ಹಿಡಿದು ನೋಡಲು ಹೋದ. ಮೂವತ್ತೊಂದು ಮರದ ಬುಡದಲ್ಲೂ ಹೊಸ ಮಣ್ಣು. ಪ್ರತಿ ಮರಕ್ಕೂ ಒಂದೊಂದು ಮೆಣಸಿನ ಬಳ್ಳಿ, ಬಾಳೆನಾರಿನಲ್ಲಿ ಅಚ್ಚುಕಟ್ಟಾಗಿ ಕಟ್ಟಿದ್ದು. ಕೊನೆಯ ಮರದ ಹತ್ತಿರ ಕುಳ್ಳಯ್ಯ ಕೂತು ಗಂಟು ಬಿಗಿಯುತ್ತಿದ್ದ. ಮೂವತ್ತು ವರ್ಷ ವನಗೂರಿನ ಎಸ್ಟೇಟ್‌ನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಪಕ್ಕದಲ್ಲಿ ಮೂರನೇ ಸೈಟಿನ ರಾಜಲಕ್ಷ್ಮಮ್ಮ ಬಳ್ಳಿ ತುಂಡುಗಳ ಬುಟ್ಟಿ ಹಿಡಿದು ನಿಂತಿದ್ದರು.

"ಇದೇನ್ರೀ ಇದು!"

"ಯಾಕಿಂಗ್ ಕಿರುಚ್ತೀರಾ? ನಿಮ್ಗೇ ಅಂತ್ಲೇ ಮಾಡಿದ್ದು," ಎಂದರು ರಾಜಲಕ್ಷ್ಮಮ್ಮ.

"ಏನೂ ಮಾಡ್ಬೇಡಿ ಅಂದಿದ್ನಲ್ಲಮ್ಮ!"

"ಬೋಳು ಮರ ನಿಂತಿದ್ರೆ ಯಾರಿಗೂ ಬ್ಯಾಡ ಅಂತ ಅರ್ಥ ಕಣ್ರೀ," ಎಂದ ಕುಳ್ಳಯ್ಯ, ತಲೆಯೆತ್ತದೆ. "ಬಳ್ಳಿ ಹಬ್ಸಿದ್ ಮರಕ್ಕೆ ಯಾವನಾದ್ರೂ ಕೊಡ್ಲಿ ಹಾಕ್ತಾನಾ? ದೇವೇಂದ್ರಪ್ಪನ ಕೈ ನಡುಗ್ಬೇಕು, ನೋಡ್ತಿರಿ."

"ಬೆಳೆ ಇದ್ರೆ ಅದು ತೋಟ ಅಂತ ಆಯ್ತದೆ ಮಾರಾಯ! ತೋಟ ಆದ್ರೆ ಅವ್ನೇ ಗೆದ್ದ!"

"ಮೂರು ವರ್ಷಕ್ಕೆ ಕಾಯಿ ಬತ್ತದೆ," ಎಂದ ಕುಳ್ಳಯ್ಯ, ಅದೇ ಉತ್ತರವೆಂಬಂತೆ.

ಚಂದ್ರಯ್ಯನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕೋಪ ಯಾರ ಮೇಲೆಂದು ತಿಳಿಯಲಿಲ್ಲ. ತಾನು ಸರಿಯಾಗಿ ಬಿಡಿಸಿ ಹೇಳಲಿಲ್ಲವೇನೋ. ಏನೂ ಮಾಡಬೇಡಿ ಎಂದರೆ ಈ ಜನಕ್ಕೆ ಕಟ್ಟಬೇಡಿ, ಕಡಿಯಬೇಡಿ ಎಂದಷ್ಟೇ ಕೇಳಿಸುತ್ತದೆ. ನೆಡುವುದು ಇವರ ಲೆಕ್ಕದಲ್ಲಿ ಏನಾದರೂ ಮಾಡಿದಂತೆಯೇ ಅಲ್ಲ, ಅಂಗಳ ಗುಡಿಸಿದ ಹಾಗೆ. ತನ್ನ ಹಿತ್ತಲಲ್ಲೂ ಒಂದೇ ಒಂದು ಬರಿಯ ಮರವಿಲ್ಲ ಎಂಬುದು ನೆನಪಾಗಿ ಇನ್ನಷ್ಟು ರೇಗಿತು.

ಕೊಡೆ ಎಸೆದು ಮೊದಲ ಬಳ್ಳಿ ಕಿತ್ತ.

"ಅಯ್ಯೋ, ಬೇರು ಬಿಡೋ ಟೈಮ್ನಾಗೆ!" ಎಂದು ರಾಜಲಕ್ಷ್ಮಮ್ಮ ಬಾಯಿ ಮುಚ್ಚಿಕೊಂಡರು. ಕುಳ್ಳಯ್ಯ ತಡೆಯಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಮರದಿಂದ ಮರಕ್ಕೆ ಹಿಂದೆಯೇ ಬಂದು, ಸಾವಿನ ಮನೆಗೆ ಬಂದವನಂತೆ ನಿಂತು ನೋಡಿದ. ಮಧ್ಯಾಹ್ನಕ್ಕೆ ಚಂದ್ರಯ್ಯನ ಉಗುರು ತುಂಬ ಕೆಸರು, ಕಾಲಲ್ಲಿ ನಾಲ್ಕು ಜಿಗಣೆ. ಮನೆಯಲ್ಲಿ ಹೆಂಡತಿ ದ್ರಾಕ್ಷಾಯಣಿ ಉಪ್ಪು ತಂದುಕೊಡುತ್ತಾ, "ಎಲ್ಲಾ ಕಿತ್ಬುಟ್ರಾ? ಅತ್ತಿ ಮರದ್ದು ನಾನು ಕೊಟ್ಟಿದ್ ಬಳ್ಳಿ," ಎಂದಳು.

ಗುರುವಾರ ಎಂಜಿನಿಯರು ಜೀಪಿನಲ್ಲಿ ಬಂದರು. ಆಲೂರಿನ ಕಡೆಯವರು, ವಯಸ್ಸಾದವರು. ದೇವೇಂದ್ರ ಅವರನ್ನು ನೇರವಾಗಿ ಮರಗಳ ಬುಡಕ್ಕೇ ಕರೆದುಕೊಂಡು ಹೋದ.

"ನೋಡಿ ಸಾರ್, ಹೊಸ ಮಣ್ಣು. ಇವ್ರೇ ಒತ್ತುವರಿ ಮಾಡ್ತಾವ್ರೆ. ಇದ್ಯಾವ ಸೀಮೆ ಖಾಲಿ ಜಾಗ?"

ಸಂಘದವರೆಲ್ಲ ಚಂದ್ರಯ್ಯನ ಮುಖ ನೋಡಿದರು. ಹಂದಿ ಕೆದಕಿದ್ದು ಎಂದರೆ ಮುಗಿಯುತ್ತಿತ್ತು. ಕುಳ್ಳಯ್ಯ ಅದನ್ನೇ ಹೇಳಲು ಬಾಯಿ ತೆರೆಯುತ್ತಿದ್ದ. ಆದರೆ ಸುಳ್ಳು ಹೇಳಿ ಉಳಿಸಿಕೊಂಡ ಜಾಗದಲ್ಲಿ ದಿನಾ ಓಡಾಡಲು ತನ್ನಿಂದಾಗದು ಎಂದು ಚಂದ್ರಯ್ಯನಿಗೆ ಗೊತ್ತಿತ್ತು.

"ನಮ್ಮೋರೇ ಮೆಣಸಿನ ಬಳ್ಳಿ ನೆಟ್ಟಿದ್ರು ಸಾರ್. ಮರ ಉಳೀಲಿ ಅಂತ. ನಿನ್ನೆ ನಾನೇ ಕಿತ್ತೆ."

"ಎಲ್ಲಾನೂ?"

"ಮೂವತ್ತೊಂದೂ."

ಎಂಜಿನಿಯರು ಅವನ ಉಗುರುಗಳನ್ನು ನೋಡಿದರು. "ಈ ಮಳೇಲಿ ಒಂದೂ ಸಾಯ್ತಿರ್ಲಿಲ್ವಲ್ರೀ," ಎಂದು ನಿಜಕ್ಕೂ ನೊಂದುಕೊಂಡರು. ಆಮೇಲೆ ನಕ್ಷೆ ಬಿಡಿಸಿ ಮರಗಳನ್ನು ಎಣಿಸಿದರು, ಒರತೆಯವರೆಗೂ ಇಳಿದು ಬಂದರು. "ಬೆಳೆ ಇಲ್ಲ. ಜಾಗ ನಕ್ಷೇಲಿದ್ದಂಗೇ ಐತೆ ದೇವೇಂದ್ರಪ್ಪ. ಪುರಸಭೆಗೆ ಬರ್ಕೊಡಿ," ಎಂದು ಜೀಪಿನ ಬಾನೆಟ್ಟಿನ ಮೇಲೆ ವರದಿ ಬರೆಯತೊಡಗಿದರು. ದೇವೇಂದ್ರ ಕಾರು ಹತ್ತಿ ಹೊರಟುಹೋದ.

ಬರೆಯುತ್ತಾ ಬರೆಯುತ್ತಾ ಎಂಜಿನಿಯರು ತಲೆಯೆತ್ತಿ ನಂದಿ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. "ಎಂಥಾ ಮರ! ಇದೊಂದಕ್ಕಾದ್ರೂ ಒಂದು ಬಳ್ಳಿ..."

"ಕೇಳುದ್ರಾ!" ಎಂದ ಕುಳ್ಳಯ್ಯ.

"ಬ್ಯಾಡ ಸಾರ್!" ಚಂದ್ರಯ್ಯ ಕೂಗಿಯೇಬಿಟ್ಟ. "ಯಾರೂ ಏನೂ ನೆಡಬಾರ್ದು ಅಂತ ಅದ್ರಲ್ಲೇ ಬರೀರಿ ಸಾರ್. ಈಗ್ಲೇ ಬರೀರಿ!"

ಎಂಜಿನಿಯರು ಒಂದು ಗಳಿಗೆ ಅವನನ್ನು ನೋಡಿ, ಮತ್ತೊಂದು ಸಾಲು ಸೇರಿಸಿ ಸಹಿ ಹಾಕಿದರು. ದೊಡ್ಡವರ ಮುಂದೆ ಹಾಗೆ ಕೂಗಬಾರದಿತ್ತೇನೋ ಎಂದು ಚಂದ್ರಯ್ಯ ಮನೆಯವರೆಗೂ ಪೇಚಾಡಿಕೊಂಡ. ಆದರೆ ಆ ಸಾಲು ಸರಿಯಾಗಿದೆಯೇ ಎಂದು ಅಲ್ಲೇ ಎರಡು ಸಲ ಓದಿ ನೋಡಿಯೇ ಹೊರಟಿದ್ದ.