ಫೋನ್ ಎತ್ತುವವಳು

"ಸರ್, ಸಂಜೆಗೆ ಇನ್ನೊಂದು ವಿಸಿಟ್ ಹಾಕ್ಲಾ? ಹಣ್ಣಿನಂಗಡಿಯವ್ರು. ತೂಕ ಒಂದೇ ಕಡೆ ನಿಲ್ತಿಲ್ವಂತೆ."

"ಆಮೇಲೆ ಹೇಳ್ತೀನಿ ಇರಮ್ಮ," ಎಂದು ತಕ್ಕಡಿ ರಿಪೇರಿಯವನು ಫೋನ್ ಇಟ್ಟು, ಹೆಲ್ಮೆಟನ್ನು ಮೇಜಿನ ಮೇಲೆ ಕುಕ್ಕಿದ. ಊರಿನ ಆ ತುದಿಯ ಬೇಕರಿಯಿಂದ ಈಗಷ್ಟೇ ಬಂದಿದ್ದ. ಅಲ್ಲಿಯ ತಕ್ಕಡಿಗೆ ಯಾವ ರೋಗವೂ ಇರಲಿಲ್ಲ. ಅದರ ನೆತ್ತಿಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಅಷ್ಟೆ. ಫ್ಯಾನ್ ನಿಲ್ಲಿಸಿದ ಕೂಡಲೇ ಓಡುತ್ತಿದ್ದ ಅಂಕಿಗಳೂ ನಿಂತವು. "ಸ್ವಿಚ್ ಒತ್ತೋಕೆ ಇಷ್ಟು ದೂರ ಬಂದ್ರಾ?" ಎಂದು ಬೇಕರಿಯವನು ನಕ್ಕಿದ್ದ. ಅಷ್ಟರಲ್ಲಿ, ನಿಜವಾಗಿಯೂ ಕೆಟ್ಟಿದ್ದ ಆಭರಣದಂಗಡಿಯ ತಕ್ಕಡಿ ಬೇರೆಯವರ ಪಾಲಾಗಿತ್ತು.

ಹೆಂಡತಿ ಫೋನ್ ಎತ್ತುತ್ತಿದ್ದಾಗ ಹೀಗಾಗುತ್ತಿರಲಿಲ್ಲ. ಅವಳು ಮೊದಲು ಬೈಯುತ್ತಿದ್ದಳು. "ಕುಂಟು ಮೇಜಿನ ಮೇಲಿಟ್ಟು ನನ್ನನ್ನ ಕೇಳ್ತೀರಾ?" ಬಂದ ದೂರುಗಳಲ್ಲಿ ಅರ್ಧ ಆ ಬೈಗುಳದಲ್ಲೇ ರಿಪೇರಿಯಾಗುತ್ತಿದ್ದವು. ಈಗ ಅವಳ ಗಂಟಲಿಗೆ ಆಪರೇಷನ್ ಆಗಿತ್ತು. ತಾನು ಹೇಳುವವರೆಗೆ ಪಿಸುಮಾತೂ ಕೂಡದು, ಆಡಿದರೆ ದನಿ ಮರಳುವ ಭರವಸೆಯಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಹಾಗಾಗಿ ಭಾವನ ಸಲಹೆಯಂತೆ ವರ್ಚುವಲ್ ಅಸಿಸ್ಟೆಂಟ್ ಒಬ್ಬಳು ಬಂದಿದ್ದಳು. ಯಾವುದೋ ಊರಿನಲ್ಲಿ, ತನ್ನ ಮನೆಯಲ್ಲೇ ಕೂತು ಈ ಅಂಗಡಿಯ ಕರೆಗಳಿಗೆ ಉತ್ತರಿಸುವ ಹುಡುಗಿ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಯಾರನ್ನೂ ಏನೂ ಕೇಳದೆ, ಎಲ್ಲರಿಗೂ ವಿಸಿಟ್ ಹಾಕುತ್ತಿದ್ದಳು.

"ಏನೇನು ಕೇಳ್ಬೇಕು ಅಂತ ಅವಳಿಗೆ ತಿಳಿಸಿಕೊಡು ಅಂತ ಎಷ್ಟು ಸಲ ಬಡ್ಕೊಳ್ಳಲಿ? ಹೀಗೇ ಆದ್ರೆ ಅಂಗಡಿಗೆ ಬೀಗ ಹಾಕೋದೇ!" ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮೇಲೆ ಅವನು ರೇಗಿದ.

ಹೆಂಡತಿ ತನ್ನ ಫೋನಿನಲ್ಲಿ ಟೈಪ್ ಮಾಡಿ ಅವನ ಮೂಗಿಗೆ ಹಿಡಿದಳು. 'ಅವಳಿಗೆಲ್ಲ ಬಂದ್ಬಿಟ್ರೆ, ಆಮೇಲೆ ನಾನ್ಯಾಕೆ?'

"ಅಯ್ಯೋ ಪುಣ್ಯಾತ್ಗಿತ್ತಿ, ನೀನೇನು ಸಿಂಹಾಸನ ಬಿಟ್ಕೊಡ್ತಿದೀಯಾ?"

ಅವಳ ಮುಖ ಕೆಂಪಾಯಿತು. ಅಷ್ಟರಲ್ಲಿ ಅಂಗಡಿಯ ಮೊಬೈಲ್ ಮತ್ತೆ ಹೊಡೆದುಕೊಂಡಿತು. ಅವನು ಸ್ಪೀಕರ್ ಒತ್ತಿದ.

"ಸರ್, ಹಣ್ಣಿನಂಗಡಿಯವ್ರು ಇನ್ನೊಂದು ಲೈನಲ್ಲಿ ಕಾಯ್ತಿದಾರೆ. ವಿಸಿಟ್ ಹಾಕೇ ಬಿಡ್ಲಾ?"

ಹೆಂಡತಿ ಫೋನ್ ಕಸಿದುಕೊಂಡಳು. ಎದೆತುಂಬ ಉಸಿರೆಳೆದು ಬಾಯಿ ತೆರೆದಳು. ಅವನು ಹಾರಿ ಅಂಗೈಯಿಂದ ಅವಳ ಬಾಯಿ ಮುಚ್ಚಿದ.

"ಬೇಡ!"

ಅಂಗೈಯಡಿ ತುಟಿಗಳು ದನಿಯಿಲ್ಲದೆ ಆಡುತ್ತಲೇ ಇದ್ದವು.

"ಸರ್?"

"ತಕ್ಕಡೀನ ಫ್ಯಾನ್ ಕೆಳಗಿಟ್ಟಿದಾರಾ ಕೇಳಮ್ಮ."

ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಹೇಳಿದಳು, "ಅಲ್ಲಿ ಫ್ಯಾನೇ ಇಲ್ವಂತೆ. ಇನ್ನೇನು ಕೇಳ್ಲಿ?"

ತಕ್ಕಡಿ ಕಣ್ಣೆದುರಿದ್ದರೆ ಅವನ ಕೈಗೆ ಎಲ್ಲ ತಿಳಿಯುತ್ತಿತ್ತು. ಕಾಣದ ತಕ್ಕಡಿಯನ್ನು ಮಾತಿನಿಂದ ತಡವಿ ನೋಡುವುದು ಅವನಿಗೆ ಎಂದೂ ಬಂದಿರಲಿಲ್ಲ.

"ಬೇಜಾರಾಗ್ಬೇಡಿ ಸರ್," ಹುಡುಗಿಯ ಬೆಣ್ಣೆ ಈಗ ಸ್ವಲ್ಪ ಕರಗಿತ್ತು. "ನಾನು ಇಂಥ ತಕ್ಕಡೀನ ಹತ್ತಿರದಿಂದ ನೋಡೇ ಇಲ್ಲ. ಕೇಳೋಣ ಅಂದ್ರೆ ನೀವು ಬರೀ ರೇಗ್ತೀರಿ."

ಅಂಗೈಯಡಿ ತುಟಿಗಳು ನಿಂತವು. ಅವನು ಹೆದರುತ್ತಲೇ ಕೈ ತೆಗೆದ.

ಹೆಂಡತಿ ಕರೆಯನ್ನು ವಿಡಿಯೋಗೆ ಬದಲಿಸಿ, ಫೋನನ್ನು ಹೆಲ್ಮೆಟಿಗೆ ಒರಗಿಸಿ ನಿಲ್ಲಿಸಿದಳು. ರಿಪೇರಿಗೆ ಬಂದಿದ್ದ ತಕ್ಕಡಿಯೊಂದನ್ನು ಅದರೆದುರಿಗೆ ಎಳೆದಳು. ರಟ್ಟಿನ ತುಂಡೊಂದನ್ನು ಮಡಚಿ, ತಕ್ಕಡಿಯ ಒಂದು ಕಾಲಿನಡಿಗೆ ತುರುಕತೊಡಗಿದಳು. ಪರದೆಯಲ್ಲಿ ಹುಡುಗಿಯ ಮುಖ ಮುಂದಕ್ಕೆ ಬಾಗಿತು. ಹೆಂಡತಿ ಬೆರಳು ತೋರಿದ ಕಡೆ, ತಕ್ಕಡಿಯ ಮಟ್ಟ ತೋರಿಸುವ ಪುಟ್ಟ ಗಾಜಿನೊಳಗೆ, ಕಪ್ಪು ಉಂಗುರದ ನಡುವೆ ನಿಂತಿದ್ದ ಗಾಳಿಗುಳ್ಳೆ ಮೆಲ್ಲಗೆ ಒಂದು ಬದಿಗೆ ಜಾರಿತು.