ಕಡಿಮೆ ಬಿದ್ದ ಎಂಟು ಜಿಬಿ

ಆವತ್ತೂ ಶಾಲೆಯ ಕಂಪ್ಯೂಟರು ಹಾರ್ಡ್ ಡಿಸ್ಕಿನ ಹೆಸರು ತೋರಿಸಿ ಅಲ್ಲೇ ನಿಂತುಬಿಟ್ಟಾಗ ಅನುಸೂಯ ಟೀಚರ್ ಮುಚ್ಚಳ ಬಿಚ್ಚಿ ಡಿಸ್ಕನ್ನೇ ಹೊರಗೆಳೆದಳು. ಪುಕ್ಕಟೆ ಸಿಗುತ್ತದೆಂದು ತರಿಸಿದ್ದ, ಕಂಪ್ಯೂಟರು ನಡೆಸುವ ಲಿನಕ್ಸ್ ತಂತ್ರಾಂಶದ ಸಿ.ಡಿ. ಓಡುವ ಮಾತಿರಲಿ, ಯಂತ್ರ ಕಣ್ಣೇ ಬಿಡುತ್ತಿರಲಿಲ್ಲ. ಬೆಂಗಳೂರಿನ ಯಾವುದೋ ಆಫೀಸು ಬಿಸಾಕಿದ ಹಳೆಯ ಯಂತ್ರ ಅದು. ಅದು ಹುಟ್ಟಿದಾಗ ಈಗ ಹಾಕಿದಂಥ ನಲವತ್ತು ಜಿಬಿಯ ಡಿಸ್ಕು ಇರಲೇ ಇಲ್ಲ. ಎಣಿಸುತ್ತ ಹೋಗಿ ಮೂವತ್ತೆರಡು ದಾಟುತ್ತಲೇ ಅದಕ್ಕೆ ತಲೆ ಕೆಡುತ್ತಿತ್ತು.

ಉಪಾಯ ಡಿಸ್ಕಿನ ಬೆನ್ನ ಮೇಲೆಯೇ ಅಚ್ಚಾಗಿತ್ತು. ಜಂಪರ್ ಎಂಬ ಪುಟ್ಟ ಪ್ಲಾಸ್ಟಿಕ್ ಕ್ಲಿಪ್ಪನ್ನು ಅಲ್ಲಿನ ಎರಡು ಮುಳ್ಳುಗಳಿಗೆ ಸಿಕ್ಕಿಸಿದರೆ ಡಿಸ್ಕು ತಾನು ಮೂವತ್ತೆರಡೇ ಎಂದು ಸುಳ್ಳು ಹೇಳುತ್ತದೆ, ಹಳೆಯ ಯಂತ್ರ ಅದನ್ನು ನಂಬಿ ಮುಂದೆ ಹೋಗುತ್ತದೆ. ಸಿಕ್ಕಿಸಿದಳು. ಹೋಯಿತು. ಲಿನಕ್ಸ್ ಹಾಕುವ ಪರದೆ ತೆರೆದುಕೊಂಡಾಗ ಒಬ್ಬಳೇ ಕೂತು ನಕ್ಕಳು.

ಅದೇ ಹೊತ್ತಿಗೆ ಹೆಡ್ಮಾಸ್ಟರ್ ಮೂರ್ತಪ್ಪನವರನ್ನು ಹಿಂದಿಟ್ಟುಕೊಂಡು ರೇವಣಸಿದ್ದಪ್ಪ ಒಳಗೆ ಬಂದ. ಶ್ರೀರಾಂಪುರದ ಕೊಬ್ಬರಿ ಮಂಡಿ ಸಾಹುಕಾರ, ಶಾಲೆಯ ಕಾರ್ಯದರ್ಶಿ, ಈ ಡಿಸ್ಕಿನ ದಾನಿ. ಪರದೆಗೆ ಮೂಗು ತಾಗಿಸಿ ಓದಿದ.

"ಇದೇನ್ ಟೀಚರಮ್ಮ, ಮೂವತ್ತೆರಡು ಅಂತೈತೆ? ನಾನ್ ತಂದಿದ್ದು ನಲವತ್ತು."

ಅನುಸೂಯ ಜಂಪರಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. "ಮಿಕ್ಕಿದ್ದು ಒಳಗೇ ಐತೆ ಸರ್, ಕಾಣ್ತಿಲ್ಲ ಅಷ್ಟೆ. ಲಿನಕ್ಸ್ ಒಂದ್ಸಲ ಕುಂತ್ಕಂಡ್ರೆ ಆ ಎಂಟನ್ನೂ ವಾಪಸ್ ತರಾಕೆ ದಾರಿ ಐತಂತೆ. ಸ್ವಲ್ಪ ಟೈಮ್ ಕೊಡ್ರಿ."

ವಾಪಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಹುಕಾರನ ಮುಖ ಅರಳಿತು. ಅವಳು ಬೈಗುಳಕ್ಕೆ ಸಿದ್ಧಳಾಗಿದ್ದಳು. ಅವನು ದನಿ ತಗ್ಗಿಸಿದ.

"ಹೆದರ್ಬೇಡಮ್ಮ. ಜೇನು ಕಿತ್ತೋರು ಕೈ ನೆಕ್ದೆ ಇರ್ತಾರೇನು? ತಿಂದಿದ್ದು ತಪ್ಪಲ್ಲ. ನಂಗೊಂದ್ ಮಾತು ಹೇಳ್ದೆ ತಿಂದ್ಯಲ್ಲ, ಅದು ತಪ್ಪು."

"ನಾನೇನೂ ತಿಂದಿಲ್ಲ ಸರ್! ಇದ್ರಾಗೆ ತಿನ್ನಾಕೆ ಏನೈತೆ?"

"ಎಲ್ರೂ ಮೊದ್ಲು ಹಂಗೇ ಅಂತಾರೆ." ಅವನು ಮೂರ್ತಪ್ಪನವರತ್ತ ತಿರುಗಿದ. "ಚಾಲಾಕಿ ಹುಡುಗಿ ಕಣ್ರಿ. ಇಂಥೋರು ನಮಗೆ ಬೇಕು. ನಾಳೆ ಕಂಪ್ಯೂಟರ್ ಉದ್ಘಾಟನೆ ಆದ್ಮ್ಯಾಲೆ ಕಾಯಂ ಆರ್ಡರ್ ಕೊಟ್ಬಿಡ್ರಿ."

ತಾ ಕಳ್ಳ, ಪರರ ನಂಬ. ರೈತ ತಂದ ಕೊಬ್ಬರಿ ಈತನ ತಕ್ಕಡಿಯಲ್ಲಿ ಸ್ಯಾಂಪಲ್ಲು, ಚೀಲದ ತೂಕ, ಒಣಗಿ ಇಳಿದದ್ದು ಎಂದು ಹೇಗೆ ಕರಗುತ್ತದೆಂಬುದು ಇಡೀ ಹೋಬಳಿಗೆ ಗೊತ್ತು. ಬೈದಿದ್ದರೆ ಅನುಸೂಯ ಸಹಿಸುತ್ತಿದ್ದಳು. ಅವನು ಅವಳನ್ನು ಕ್ಷಮಿಸಿ ತನ್ನ ಸಾಲಿಗೆ ಸೇರಿಸಿಕೊಂಡಿದ್ದ. ಕತ್ತಲಲ್ಲಿ ಹೇಸಿಗೆ ಮೆಟ್ಟಿದ ಹಾಗಾಯಿತು ಅವಳಿಗೆ. ಕಾಯಂ ನೌಕರಿಯ ಆ ಆರ್ಡರಿಗಾಗಿ ಅವಳು ಈ ಶಾಲೆಗೆ ಸೇರಿದಂದಿನಿಂದ ಕಾದಿದ್ದಳು.

ಸಾಹುಕಾರ ಹೋದ ಮೇಲೆ ಮೂರ್ತಪ್ಪನವರನ್ನು ಹಿಡಿದಳು. "ನೀವಾದ್ರೂ ಹೇಳ್ರಿ ಸರ್. ಎಲ್ಲ ನಿಮ್ಮೆದುರೇ ಬಿಡಿಸಿ ಹೇಳಿದ್ನಲ್ವಾ?"

"ನೀ ತಿಂದಿಲ್ಲ ಅಂತ ನಂಗೊತ್ತಮ್ಮ." ಅವರು ಬಾಗಿಲ ಕಡೆ ನೋಡಿಕೊಂಡರು. "ತಿಂದಿಲ್ಲ ಅಂದ್ರೆ ಆರ್ಡರ್ ಬರಲ್ಲ. ತಿಂದೆ ಅಂದ್ರೆ ಬರ್ತೈತೆ. ಸುಮ್ನೆ ಹೂಂ ಅಂದ್ಬಿಡು."

ಇಂಥವರು ಮಕ್ಕಳಿಗೆ ನೀತಿಪಾಠ ಹೇಳುತ್ತಾರೆ, ಅದೂ ಹರಿಶ್ಚಂದ್ರನ ಕಥೆ ಸಮೇತ! ಅವಳು ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಸಂಜೆಯೊಳಗೆ ಲಿನಕ್ಸ್ ಹಾಕಿ ಮುಗಿಸಿದಳು. ಎಂಟನೇ ಕ್ಲಾಸಿನ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು ಒತ್ತಿ, ಅದು ಪರದೆಯ ಮೇಲೆ ಮೂಡಿದ್ದು ಕಂಡು ಬಾಯಿ ಮುಚ್ಚಿಕೊಂಡು ನಕ್ಕರು.

ಬೆಳಗ್ಗೆ ಗೇಟಿನಲ್ಲೇ ಆಯಾ ಚಂದ್ರಕ್ಕ ಅಡ್ಡ ಬಂದಳು. "ಟೀಚರ್, ನಿಮಗೆ ಎಂಟು ಏನೋ ಸಿಕ್ತಂತೆ? ನಮ್ಗೂ ಒಸಿ ಕೊಡ್ರಿ." ಆ ನಗುವಿನಲ್ಲಿ ಹೊಟ್ಟೆಕಿಚ್ಚು ಸಹ ಇರಲಿಲ್ಲ.

ಸಮಾರಂಭಕ್ಕೆ ಮಂಡಿಯ ವ್ಯಾಪಾರಸ್ಥರೆಲ್ಲ ಬಂದಿದ್ದರು. ರೇವಣಸಿದ್ದಪ್ಪ ಟೇಪು ಕತ್ತರಿಸಿ, "ನಮ್ಮ ಟೀಚರಮ್ಮ ಭಾಳ ಕೈಚಳಕದೋಳು" ಎಂದು ಕಣ್ಣು ಮಿಟುಕಿಸಿದ. ಮುಂದಿನ ಸಾಲು ಗೊಳ್ಳೆಂದಿತು. ಎಲ್ಲರಿಗೂ ವಿಷಯ ಗೊತ್ತಿತ್ತು, ಯಾರಿಗೂ ಅದರಲ್ಲಿ ನಾಚಿಕೆ ಕಾಣಲಿಲ್ಲ.

ಅನುಸೂಯ ಸ್ವಿಚ್ ಆರಿಸಿದಳು. ಮುಚ್ಚಳ ಸರಿಸಿ, ಒಳಗೆ ಬೆರಳಿಟ್ಟು ಕ್ಲಿಪ್ಪು ಕಿತ್ತಳು. ಮತ್ತೆ ಸ್ವಿಚ್ ಹಾಕಿದಳು. ಯಂತ್ರ ಮೊದಲಿನ ಹಾಗೇ ಡಿಸ್ಕಿನ ಹೆಸರು ತೋರಿಸಿ ಅಲ್ಲೇ ನಿಂತಿತು.

"ನೋಡ್ಕಳ್ರಿ, ಈಗ ಪೂರ್ತಿ ನಲವತ್ತು ಒಳಗೈತೆ. ಒಂದು ಚೂರೂ ಕಮ್ಮಿ ಇಲ್ಲ." ಕ್ಲಿಪ್ಪನ್ನು ಸಾಹುಕಾರನ ಅಂಗೈಗೆ ಹಾಕಿದಳು. "ತಗಳ್ರಿ, ನಿಮ್ಮ ಎಂಟು."

"ಅಮ್ಮಾ, ಆರ್ಡರು..." ಎಂದು ಮೂರ್ತಪ್ಪನವರು ಪಿಸುಗುಟ್ಟಿದರು.

"ಅದನ್ನ ನೀವೇ ಇಟ್ಕಳ್ರಿ ಸರ್."

ರೇವಣಸಿದ್ದಪ್ಪ ಕ್ಲಿಪ್ಪನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇಷ್ಟೇನಾ?" ಎಂದ. ಆಮೇಲೆ ಅದನ್ನು ಜೇಬಿಗೆ ಹಾಕಿ, ಮೇಲಿಂದ ಒಮ್ಮೆ ತಟ್ಟಿಕೊಂಡು, "ಸಿಕ್ತಲ್ಲ ಬಿಡು" ಎಂದು ಜನರ ಕಡೆ ತಿರುಗಿದ.

ಜನ ಚಪ್ಪಾಳೆ ತಟ್ಟಿದರು. ನಿಂತುಹೋದ ಪರದೆಯನ್ನು ನೋಡುತ್ತ ನಿಂತವರು ಎಂಟನೇ ಕ್ಲಾಸಿನ ಆ ಹೆಣ್ಣುಮಕ್ಕಳು ಮಾತ್ರ.